ಹಳೇ ಫ್ಲ್ಯಾಶ್‌ಗೆ ಡಿಲೇ ಸರ್ಕ್ಯೂಟ್: ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ: ನೀರಿನ ಹನಿ ಬಿದ್ದು ಚಿಮ್ಮುವ ಫೋಟೋ ತೆಗೆಯಬೇಕು ಅಂತ ತುಂಬಾ ದಿನದ ಆಸೆ. ಫಿಲಂ ಕಾಲದ ಎರಡು ಫ್ಲ್ಯಾಶ್ ಇವೆ. ಹನಿ ಸೆನ್ಸರ್ ದಾಟಿ, ಸ್ವಲ್ಪ ಹೊತ್ತು ಬಿಟ್ಟು ಫ್ಲ್ಯಾಶ್ ಹೊಡೆಯುವ ಸರಳ ಸರ್ಕ್ಯೂಟ್ ಬೇಕು. ಸೋಲ್ಡರಿಂಗ್ ಬರುತ್ತದೆ, ಪ್ರೋಗ್ರಾಮಿಂಗ್ ಬರಲ್ಲ.

ಉತ್ತರ: ಮೊದಲು ಫ್ಲ್ಯಾಶ್‌ನ ಟ್ರಿಗರ್ ವೋಲ್ಟೇಜ್ (ಫ್ಲ್ಯಾಶ್ ಹೊಡೆಸುವ ಎರಡು ತಂತಿಗಳ ನಡುವಿನ ವೋಲ್ಟೇಜ್) ಅಳೆಯಿರಿ, ಸರ್ಕ್ಯೂಟ್ ಮಾತು ಆಮೇಲೆ. ರೆಡಿ ಲೈಟ್ ಹತ್ತಿದ ಮೇಲೆ ಸಿಂಕ್ ಕಾರ್ಡಿನ (ಫ್ಲ್ಯಾಶ್‌ನಿಂದ ಕ್ಯಾಮೆರಾಗೆ ಸಿಕ್ಕಿಸುವ ವೈರ್) ಎರಡು ತಂತಿಗೆ ಮಲ್ಟಿಮೀಟರ್ ಹಿಡಿಯಿರಿ, ರೇಂಜ್ 1000 ವೋಲ್ಟ್ ಡಿಸಿಯಲ್ಲಿರಲಿ. ಹಳೇ ಫ್ಲ್ಯಾಶ್‌ಗಳಲ್ಲಿ 200 ವೋಲ್ಟ್ ದಾಟಿದರೂ ಆಶ್ಚರ್ಯ ಇಲ್ಲ. ಅಂಥದ್ದನ್ನು ಡಿಜಿಟಲ್ ಕ್ಯಾಮೆರಾಗೆ ನೇರ ಸಿಕ್ಕಿಸಬೇಡಿ. ಯಾವ ತಂತಿ ಪ್ಲಸ್ ಅಂತಲೂ ಬರೆದಿಟ್ಟುಕೊಳ್ಳಿ. ಫ್ಲ್ಯಾಶ್ ಬಿಚ್ಚಲು ಮಾತ್ರ ಹೋಗಬೇಡಿ. ಸೆಲ್ ತೆಗೆದಿದ್ದರೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು. ಅದು ಪ್ರಾಣಕ್ಕೇ ಅಪಾಯ.

ಡಿಲೇಗೆ 555 ಅನ್ನೋ ಟೈಮರ್ ಐಸಿ ಧಾರಾಳ ಸಾಕು. ಸಮಯದ ಲೆಕ್ಕ 1.1 × ರೆಸಿಸ್ಟರ್ × ಕೆಪಾಸಿಟರ್. 1 ಮೈಕ್ರೋಫ್ಯಾರಡ್ ಕೆಪಾಸಿಟರ್, 220 ಕಿಲೋಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಅದರ ಜೊತೆ ಸೀರೀಸ್‌ನಲ್ಲಿ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಸುಮಾರು 11ರಿಂದ 253 ಮಿಲಿಸೆಕೆಂಡ್‌ವರೆಗೆ ಸಿಗುತ್ತದೆ. ಕೆಪಾಸಿಟರ್ ಪಾಲಿಯೆಸ್ಟರ್ ಆಗಿರಲಿ. ಎಲೆಕ್ಟ್ರೋಲಿಟಿಕ್‌ನಲ್ಲಿ ಲೀಕೇಜ್ ಇರುತ್ತದೆ, ಬಿಸಿಗೆ ಕೆಪಾಸಿಟನ್ಸ್ ಕೂಡ ಬದಲಾಗುತ್ತದೆ. ಇವತ್ತು ಸಿಕ್ಕ ಡಿಲೇ ನಾಳೆ ಸಿಗಲ್ಲ.

ಸುಮಾರು ಜನ ಎಡವೋದು ಮುಂದಿನ ಹಂತದಲ್ಲಿ. ಟ್ರಿಗರ್ ಆದ ಕೂಡಲೇ 555ರ ಔಟ್‌ಪುಟ್ ಮೇಲೇರುತ್ತದೆ, ಡಿಲೇ ಮುಗಿದಾಗ ಇಳಿಯುತ್ತದೆ. ಫ್ಲ್ಯಾಶ್ ಹೊಡೆಯಬೇಕಾದ್ದು ಇಳಿಯುವಾಗ, ಅಲ್ವಾ? ಹಾಗಾಗಿ ಎರಡು 555 ಬೇಕು, ಇಲ್ಲವೇ ಎರಡೂ ಒಂದರಲ್ಲೇ ಇರುವ 556. ಮೊದಲನೆಯದರ 3ನೇ ಪಿನ್‌ನಿಂದ (ಔಟ್‌ಪುಟ್) 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಎರಡನೆಯದರ 2ನೇ ಪಿನ್‌ಗೆ (ಟ್ರಿಗರ್) ಕೊಡಿ. ಆ 2ನೇ ಪಿನ್‌ನಿಂದ ಪ್ಲಸ್‌ಗೆ 10 ಕಿಲೋಓಮ್ ಹಾಕಿ. ಎರಡನೆಯದು 10 ಮಿಲಿಸೆಕೆಂಡ್ ಆಸುಪಾಸಿನ ಚಿಕ್ಕ ಪಲ್ಸ್ ಕೊಟ್ಟರೆ ಆಯಿತು. (ಪಿನ್ ನಂಬರ್ 555ರವು. 556ರಲ್ಲಿ ಬೇರೆ, ಡೇಟಾಶೀಟ್ ನೋಡಿ.)

ಇನ್ನೊಬ್ಬರ ಉತ್ತರ: ಮೇಲೆ ಹೇಳಿದ್ದೆಲ್ಲ ಸರಿ. ಆದರೆ 555ನ್ನು ಫ್ಲ್ಯಾಶ್‌ಗೆ ನೇರ ಜೋಡಿಸಬಾರದು, ಮಧ್ಯೆ ಆಪ್ಟೋಕಪ್ಲರ್ (ತಂತಿ ಸಂಪರ್ಕ ಇಲ್ಲದೆ ಒಳಗಿನ ಎಲ್‌ಇಡಿ ಬೆಳಕಿನಿಂದಲೇ ಸಿಗ್ನಲ್ ದಾಟಿಸುವ ಚಿಪ್) ಬೇಕೇ ಬೇಕು. ನಾನು ಹಾಕೋದು ಎಂಒಸಿ 3021. ಒಳಗೆ ಟ್ರಯಾಕ್ (ಎರಡೂ ದಿಕ್ಕಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಇದೆ, 400 ವೋಲ್ಟ್ ತಾಳುತ್ತದೆ, ಪ್ಲಸ್ ಮೈನಸ್ ಅದಲುಬದಲಾದರೂ ಕೆಲಸ ಮಾಡುತ್ತದೆ. 9 ವೋಲ್ಟ್ ಬ್ಯಾಟರಿಯಾದರೆ ಅದರ ಎಲ್‌ಇಡಿಗೆ 390 ಓಮ್ ಸರಿಹೋಗುತ್ತದೆ.

ಕೊಳ್ಳುವಾಗ ನಂಬರ್ ಸರಿಯಾಗಿ ಓದಿ. ಎಂಒಸಿ 3041 ನೋಡಲು ಹಾಗೇ ಇರುತ್ತದೆ, ಆದರೆ ಅದು ಝೀರೋ ಕ್ರಾಸಿಂಗ್ ಜಾತಿಯದು. ವೋಲ್ಟೇಜ್ ಸೊನ್ನೆಯ ಹತ್ತಿರ ಇದ್ದಾಗ ಮಾತ್ರ ಆನ್ ಆಗುತ್ತದೆ. ಫ್ಲ್ಯಾಶ್‌ನ 200 ವೋಲ್ಟ್ ಡಿಸಿ ಸೊನ್ನೆಗೆ ಬರೋದೇ ಇಲ್ಲ. ಎಲ್‌ಇಡಿ ಹತ್ತಿದರೂ ಫ್ಲ್ಯಾಶ್ ಹೊಡೆಯಲ್ಲ, ತಪ್ಪು ಎಲ್ಲಿದೆ ಅಂತ ಸುಮ್ನೆ ಸರ್ಕ್ಯೂಟೆಲ್ಲ ಹುಡುಕಬೇಕಾಗುತ್ತದೆ.

ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ನನ್ನ ಹತ್ತಿರ ಎಸ್‌ಸಿಆರ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಇದೆ, ಅದನ್ನೇ ಹಾಕಬಹುದಾ? ಸೆನ್ಸರ್ ಹೇಗೆ ಜೋಡಿಸಲಿ?

ಉತ್ತರ: 400 ವೋಲ್ಟ್‌ನದಾದರೆ ಹಾಕಬಹುದು, ಆದರೆ ಪ್ಲಸ್ ಮೈನಸ್ ತಪ್ಪಬಾರದು. ಕೆಲವು ಫ್ಲ್ಯಾಶ್‌ಗಳಲ್ಲಿ ಟ್ರಿಗರ್ ಆದ ಮೇಲೂ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ. ಆಗ ಎಸ್‌ಸಿಆರ್ ಆಫ್ ಆಗದೆ ಎರಡನೇ ಸಲ ಫ್ಲ್ಯಾಶ್ ಹೊಡೆಯೋದೇ ಇಲ್ಲ. ಅದಲ್ಲದೆ 555ರ ಕಡೆಗೂ ಫ್ಲ್ಯಾಶ್ ಕಡೆಗೂ ಸಂಪರ್ಕ ಉಳಿದುಬಿಡುತ್ತದೆ. ಅದಕ್ಕೇ ಆಪ್ಟೋ ವಾಸಿ.

ಸೆನ್ಸರ್‌ಗೆ ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೆ ಫೋಟೋಟ್ರಾನ್ಸಿಸ್ಟರ್. 555 ಟ್ರಿಗರ್ ಆಗೋದು ವೋಲ್ಟೇಜ್ ಇಳಿದಾಗ. ಆದ್ದರಿಂದ ಫೋಟೋಟ್ರಾನ್ಸಿಸ್ಟರ್‌ನ ಕಲೆಕ್ಟರ್ ಪ್ಲಸ್‌ಗೆ, ಎಮಿಟರ್ ಒಂದು ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ, ಸಿಗ್ನಲ್ ಎಮಿಟರ್‌ನಿಂದ. ಹನಿ ಬೆಳಕು ತಡೆದಾಗ ವೋಲ್ಟೇಜ್ ಬೀಳುತ್ತದೆ. ಚಿಕ್ಕ ಹನಿಗೆ ವೋಲ್ಟೇಜ್ ಸಪ್ಲೈನ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯದಿದ್ದರೆ ಆ ರೆಸಿಸ್ಟರ್ ಬದಲಿಸಿ ನೋಡಿ.

ಮತ್ತೊಬ್ಬರು: ಟೈಮಿಂಗ್ ಬಗ್ಗೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. 20 ಸೆಂಟಿಮೀಟರ್ ಬೀಳಲು ಹನಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಹನಿ ಹೊರಡುವ ಜಾಗದಿಂದ ಸೆನ್ಸರ್ 2 ಸೆಂಟಿಮೀಟರ್ ಕೆಳಗಿದ್ದರೆ ಉಳಿಯೋದು 138 ಮಾತ್ರ. ಅಲ್ಲಿಂದ ಶುರು ಮಾಡಿ, ಸ್ವಲ್ಪಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗಿ. ನೀರು ಕಿರೀಟದ ಹಾಗೆ ಏಳೋದು ಅದರ ನಂತರವೇ. 220 ಕಿಲೋಓಮ್ ಪಾಟ್ ಒಂದರಲ್ಲೇ ಅಷ್ಟು ನಾಜೂಕಾಗಿ ತಿರುಗಿಸೋದು ಕಷ್ಟ. ಸೀರೀಸ್‌ನಲ್ಲಿ ಇನ್ನೊಂದು 10 ಕಿಲೋಓಮ್ ಪಾಟ್ ಹಾಕಿದರೆ ಅದು 11 ಮಿಲಿಸೆಕೆಂಡ್‌ನೊಳಗಿನ ಸಣ್ಣ ಬದಲಾವಣೆಗೆ ಆಗುತ್ತದೆ.

ಫ್ಲ್ಯಾಶ್ ಪೂರ್ತಿ ಪವರ್‌ನಲ್ಲಿ ಹೊಡೆಯಬೇಡಿ. ಆಗ ಬೆಳಕು 1 ಮಿಲಿಸೆಕೆಂಡ್‌ನಷ್ಟು ಉಳಿಯುತ್ತದೆ, ಅಷ್ಟರಲ್ಲಿ ಹನಿ 2 ಮಿಲಿಮೀಟರ್ ಸರಿದಿರುತ್ತದೆ, ಫೋಟೋ ಮಸುಕು. ಪವರ್ ಕಡಿಮೆ ಮಾಡುವ ಸ್ವಿಚ್ ಇಲ್ಲದ ಫ್ಲ್ಯಾಶ್‌ನಲ್ಲಿ ಥೈರಿಸ್ಟರ್ ಆಟೋ ಮೋಡ್ ಇದ್ದರೆ, ಅದರ ಸೆನ್ಸರ್ ಎದುರಿಗೆ ಬಿಳಿ ಕಾರ್ಡ್ ಹಿಡಿಯಿರಿ. ಬೆಳಕು ಸಾಕಾಯಿತು ಅಂತ ಅದೇ ಬೇಗ ನಿಲ್ಲಿಸುತ್ತದೆ. ಕೋಣೆ ಕತ್ತಲೆ ಮಾಡಿ, ಕ್ಯಾಮೆರಾ ಬಲ್ಬ್ ಮೋಡ್‌ನಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಷಟರ್ ತೆರೆದಿರುವ ಮೋಡ್) ಒಂದೆರಡು ಸೆಕೆಂಡ್ ತೆರೆದಿಟ್ಟರೆ ಸಾಕು. ಕ್ಯಾಮೆರಾಗೂ ಫ್ಲ್ಯಾಶ್‌ಗೂ ತಂತಿಯೇ ಬೇಕಾಗಲ್ಲ.