ಪಾತ್ರದ ವೇಷಕ್ಕೆ ತಲೆಗೂದಲು, ಮುಖಬಣ್ಣ ನಾವೇ ಮಾಡಿಕೊಳ್ಳುವುದು ಹೇಗೆ? ಪ್ರಸಾಧನ ಕಲಾವಿದೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮಡಿಕೇರಿಯ ಶಿಕ್ಷಕಿಯೊಬ್ಬರಿಂದ): ಅಕ್ಕ, ನಮಸ್ಕಾರ. ಈ ಬಾರಿಯ ಮಹಿಳಾ ದಸರಾದಲ್ಲಿ ನಾನು ಒನಕೆ ಓಬವ್ವನ ಏಕಪಾತ್ರಾಭಿನಯ ಮಾಡಲಿದ್ದೇನೆ. ಪ್ರಸಾಧನಕ್ಕೆಂದು ಯಾರನ್ನೂ ಕರೆಸುವ ಅನುಕೂಲವಿಲ್ಲದ ಕಾರಣ ಎಲ್ಲವನ್ನೂ ನಾನೇ ಮಾಡಿಕೊಳ್ಳಬೇಕಾಗಿದೆ. ನನ್ನ ಕೂದಲು ಭುಜದವರೆಗೆ ಮಾತ್ರ ಇದೆ. ಮುಖಕ್ಕೆ ಮದುವೆಮನೆಗೆ ಹೋಗುವಾಗ ಮಾಡಿಕೊಳ್ಳುವ ಮೇಕಪ್ ಸಾಕೇ, ನಾಟಕದವರು ಒದ್ದೆ ಸ್ಪಂಜಿನಿಂದ ಹಚ್ಚುವ ಮುಖಬಣ್ಣವಾದ ಪ್ಯಾನ್‌ಕೇಕ್ ಹಚ್ಚಲೇಬೇಕೇ? ನಮ್ಮೂರಿನ ಮಂಜು, ತುಂತುರು ಮಳೆಯಲ್ಲಿ ಅದು ನಿಲ್ಲುತ್ತದೆಯೇ?

ಉತ್ತರ: ನಮಸ್ಕಾರ ಮೇಡಂ. ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲು ಓಬವ್ವ ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದಳು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. 18ನೆಯ ಶತಮಾನದಲ್ಲಿ ಹೈದರಾಲಿಯ ಸೈನ್ಯವು ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ನೀರಿಗೆಂದು ಹೋದ ಆಕೆಗೆ ಕಿಂಡಿಯಿಂದ ಒಳನುಸುಳುತ್ತಿದ್ದ ಸೈನಿಕರು ಕಂಡರೆಂದು ಐತಿಹ್ಯವು ಹೇಳುತ್ತದೆ. ಹಾಗಾದರೆ ಆಕೆ ಅಡುಗೆಮನೆಯ ಕೆಲಸದ ನಡುವೆ ಎದ್ದುಬಂದ ಹೆಂಗಸು. ಮಿರುಗುವ ಫೌಂಡೇಶನ್, ಕೃತಕ ರೆಪ್ಪೆಗೂದಲು, ಗುಲಾಬಿ ಲಿಪ್‌ಸ್ಟಿಕ್ ಇವೆಲ್ಲವೂ ಆಕೆಯನ್ನು ಮದುಮಗಳನ್ನಾಗಿ ಮಾಡಿಬಿಡುತ್ತವೆ. ಕೈಯಲ್ಲಿ ಒನಕೆಯಿದ್ದರೂ ಪ್ರೇಕ್ಷಕರು ಆ ಮುಖವನ್ನು ನಂಬುವುದಿಲ್ಲ.

ಮೊದಲು ಕೂದಲಿನ ಕೆಲಸ ಮುಗಿಯಬೇಕು, ಏಕೆಂದರೆ ದೂರದಲ್ಲಿ ಕುಳಿತವರಿಗೆ ಮುಖದ ಬಣ್ಣಕ್ಕಿಂತ ಮುಂಚೆ ತಲೆಯ ಆಕಾರವೇ ಕಾಣುತ್ತದೆ. ತಲೆಸ್ನಾನವನ್ನು ಹಿಂದಿನ ದಿನವೇ ಮಾಡಿಕೊಳ್ಳಿ. ಆಗತಾನೆ ತೊಳೆದ ಕೂದಲು ನುಣುಪಾಗಿರುವುದರಿಂದ ಪಿನ್ನುಗಳು ಜಾರುತ್ತವೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬೈತಲೆ ತೆಗೆದು ಮುಂಭಾಗದ ಕೂದಲನ್ನು ಬೇರೆಯಾಗಿ ಬಿಟ್ಟುಕೊಂಡು, ಹಿಂದಿನದನ್ನು ಕತ್ತಿನ ಬಳಿ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ, ಅದಕ್ಕೆ ಚೌರಿಯನ್ನು ಸೇರಿಸಿ ಸುತ್ತಿ ತುರುಬು ಕಟ್ಟಿಕೊಳ್ಳಿ. ಯು-ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡವಾಗುವಂತೆ ಚುಚ್ಚಿದರೆ ಮಾತ್ರ ತುರುಬು ಕದಲದೆ ನಿಲ್ಲುತ್ತದೆ. ಕೊನೆಯಲ್ಲಿ, ಬಿಟ್ಟಿದ್ದ ಮುಂಗೂದಲನ್ನು ಹಿಂದಕ್ಕೆ ಬಾಚಿ ಚೌರಿಯ ಕೂಡುಭಾಗದ ಮೇಲೆ ಹಾಯಿಸಿದಾಗ ಇಡೀ ತುರುಬು ನಿಮ್ಮದೇ ಕೂದಲಿನದಾಗಿ ತೋರುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆಯ ಹೊಳಪು ಈ ಪಾತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಎಣ್ಣೆಯು ಹಣೆಗೆ ಇಳಿಯದಂತೆ ನೋಡಿಕೊಳ್ಳಿ. ಎಣ್ಣೆಯ ಮೇಲೆ ಪ್ಯಾನ್‌ಕೇಕ್ ಹಿಡಿಯುವುದಿಲ್ಲ. ಕಟ್ಟಿ ಮುಗಿದ ಮೇಲೆ ಒನಕೆಯನ್ನು ಕೈಗೆತ್ತಿಕೊಂಡು, ಬಾಗಿ, ತಲೆ ಕೊಡವಿ, ಅಭಿನಯದ ಅತ್ಯಂತ ರಭಸದ ಭಾಗವನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಕಪೋಲದ ಮೇಲೆ ಎರಡು ಎಳೆ ಬಿಡಿಸಿಕೊಳ್ಳುವ ಆಸೆಯಿದ್ದರೆ ಅದನ್ನು ಎಲ್ಲವೂ ಬಿಗಿಯಾದ ನಂತರ ಮಾಡಿ.

ಇನ್ನು ಮುಖ. ಪ್ಯಾನ್‌ಕೇಕ್ ಎಂಬುದು 1930ರ ದಶಕದಲ್ಲಿ ಬಣ್ಣದ ಸಿನಿಮಾಕ್ಕೆಂದು ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ ರೂಪಿಸಿದ ವಸ್ತು. ಒದ್ದೆ ಸ್ಪಂಜಿನಿಂದ ತೆಳುವಾಗಿ ಹಚ್ಚುವುದಕ್ಕೆಂದೇ ಅದು ಹುಟ್ಟಿತು. ಸ್ಪಂಜನ್ನು ಚೆನ್ನಾಗಿ ಹಿಂಡಿ, ಒಂದು ತೆಳುಪದರ ಒಣಗಿದ ನಂತರವಷ್ಟೇ ಅಗತ್ಯವಿದ್ದಲ್ಲಿ ಇನ್ನೊಂದನ್ನು ಹಚ್ಚಿರಿ. ಬಣ್ಣವನ್ನು ನಿಮ್ಮ ದವಡೆಯ ಕೆಳಗಿನ ಚರ್ಮಕ್ಕೆ ಹೋಲಿಸಿ ಆರಿಸಿಕೊಳ್ಳಿ. ವೀರವನಿತೆಯರ ಪಾತ್ರವೆಂದ ಕೂಡಲೇ ಮುಖವನ್ನು ಎರಡು ಛಾಯೆ ಬೆಳ್ಳಗೆ ಮಾಡುವ ರೂಢಿ ನಮ್ಮ ವೇದಿಕೆಗಳಲ್ಲಿ ಬಹಳವಾಗಿದ್ದು, ಅದು ನನಗೆ ನಿಜಕ್ಕೂ ನೋವು ತರುತ್ತದೆ. ಕತ್ತು, ಕಿವಿ, ಕೈಗಳಿಗೂ ಅದೇ ಬಣ್ಣ ಬರಬೇಕು. ಒನಕೆ ಹಿಡಿದ ಕೈಯನ್ನೇ ಎಲ್ಲರೂ ನೋಡುತ್ತಾರೆ. ಕೆನ್ನೆಯ ಮೂಳೆಯ ಕೆಳಗೆ, ಮೂಗಿನ ಎರಡೂ ಬದಿಗೆ ಕಂದು ನೆರಳು ಕೊಟ್ಟು ಅಂಚುಗಳನ್ನು ಬೆರಳಿನಿಂದ ಕರಗಿಸಿರಿ. ಹುಬ್ಬನ್ನು ತುಸು ದಪ್ಪಗೆ ಮಾಡಿ, ಕಾಡಿಗೆಯನ್ನು ಕಣ್ಣಿನ ಹೊರತುದಿಯಿಂದ ಸ್ವಲ್ಪವೇ ಮುಂದಕ್ಕೆ ಎಳೆಯಿರಿ. ತುಟಿಗೆ ಮಂಕಾದ ಕಂದುಗೆಂಪು ಸಾಕು. ಕುಂಕುಮವನ್ನು ಒಣಪುಡಿಯಾಗಿ ಇಟ್ಟರೆ ಬೆವರಿಗೆ ಮೂಗಿನ ಮೇಲೆ ಇಳಿಯುವುದರಿಂದ, ಕೆಂಪು ಲಿಪ್‌ಸ್ಟಿಕ್ಕಿನಲ್ಲಿ ವೃತ್ತ ಬರೆದು ಅದರ ಮೇಲೆ ಕುಂಕುಮವನ್ನು ಒತ್ತಿರಿ.

ಮಳೆಯ ವಿಷಯದಲ್ಲಿ ನಿಮ್ಮ ಅಂಜಿಕೆ ಸರಿಯಾದುದೇ. ನೀರಿನಿಂದ ಹಚ್ಚುವ ಬಣ್ಣ ನೀರಿಗೆ ಇಳಿಯುತ್ತದೆ. ವೇದಿಕೆಗೆ ಬಯಲಿನಲ್ಲಿ ನಡೆದು ಹೋಗಬೇಕಾಗಿದ್ದರೆ ಪ್ಯಾನ್‌ಕೇಕಿನ ಬದಲು ಜಿಡ್ಡಿನ ಆಧಾರವಿರುವ ಪೇಂಟ್ ಸ್ಟಿಕ್ಕನ್ನು ತೆಳುವಾಗಿ ಹಚ್ಚಿ, ಬಣ್ಣವಿಲ್ಲದ ಪೌಡರನ್ನು ಪಫ್‌ನಿಂದ ಒತ್ತಿ, ಹೆಚ್ಚಾದುದನ್ನು ಬ್ರಷ್ಷಿನಿಂದ ತೆಗೆದು, ಮೇಲೆ ಫಿಕ್ಸಿಂಗ್ ಸ್ಪ್ರೇ ಹೊಡೆದುಕೊಳ್ಳಿ. ಮುಖದ ಮೇಲೆ ಹನಿ ಬಿದ್ದರೆ ಒರೆಸಬೇಡಿ. ಹತ್ತಿಬಟ್ಟೆಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ.

ಅದೇ ಶಿಕ್ಷಕಿ: ತುಂಬಾ ಉಪಕಾರವಾಯಿತು ಅಕ್ಕ. ಮನೆಯ ಕನ್ನಡಿಯಲ್ಲಿ ಸರಿಯಾಗಿ ಕಂಡದ್ದು ವೇದಿಕೆಯ ದೀಪದಲ್ಲಿಯೂ ಹಾಗೆಯೇ ಕಾಣುತ್ತದೆಯೇ?

ಉತ್ತರ: ಕಾಣುವುದಿಲ್ಲ. ನೀಲಿ ಅಥವಾ ಹಸಿರು ಬೆಳಕು ಬಿದ್ದಾಗ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ. ನಿಮ್ಮ ಕುಂಕುಮವೂ ತುಟಿಯೂ ಕಪ್ಪಾಗುತ್ತವೆ. ಕೆಂಪು ಬೆಳಕಿನಲ್ಲಿ ಅದೇ ಕೆಂಪು ಅಳಿಸಿಹೋದಂತೆ ತೋರುತ್ತದೆ. ಆದುದರಿಂದ ದೀಪ ನೋಡಿಕೊಳ್ಳುವವರನ್ನು ಮುಂಚೆಯೇ ಕಂಡು, ಮುಖ್ಯ ಸನ್ನಿವೇಶದಲ್ಲಿ ಬಿಳಿ ಅಥವಾ ಹಳದಿ ಬೆಳಕನ್ನೇ ಇಡುವಂತೆ ವಿನಂತಿಸಿಕೊಳ್ಳಿ. ಮನೆಯಲ್ಲಿ ಪರೀಕ್ಷಿಸುವಾಗ ಅಂಗಳದ ಆ ತುದಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಕಣ್ಣು, ಬಾಯಿಯ ಚಲನೆ ಕಾಣುತ್ತಿದೆಯೇ ಎಂದು ಕೇಳಿ. ಮೊಬೈಲಿನ ಫೋಟೊವನ್ನು ನೆಚ್ಚಬೇಡಿ. ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಂಡು ಬೇರೆಯದೇ ಮುಖವನ್ನು ತೋರಿಸುತ್ತದೆ.

ಪ್ರಶ್ನೆ (ದಕ್ಷಿಣ ಕೊಡಗಿನ ಯುವಕರೊಬ್ಬರಿಂದ): ವೇಷ ಹಾಕಿ ಮನೆಮನೆಗೆ ತಿರುಗುವ ನಮ್ಮ ಬೋಡ್ ನಮ್ಮೆ ಹಬ್ಬಕ್ಕೆ ಗೆಳೆಯರೆಲ್ಲ ಸೇರಿ ಹೆಣ್ಣುವೇಷ ಹಾಕುತ್ತಿದ್ದೇವೆ. ಎಷ್ಟು ನುಣ್ಣಗೆ ಕ್ಷೌರ ಮಾಡಿದರೂ, ಎಷ್ಟು ಪೌಡರ್ ಬಳಿದರೂ ಗಡ್ಡದ ಜಾಗ ಬೂದುನೀಲಿಯಾಗಿ ಕಾಣುತ್ತದೆ. ದಪ್ಪ ಹುಬ್ಬನ್ನು ಬೋಳಿಸದೆ ತೆಳ್ಳಗೆ ತೋರಿಸಲು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಹುಬ್ಬನ್ನು ದಯವಿಟ್ಟು ಬೋಳಿಸಬೇಡಿ. ಗಡ್ಡದ ನೀಲಿಛಾಯೆಯನ್ನು ಪೌಡರ್ ಮುಚ್ಚುವುದಿಲ್ಲ, ಇನ್ನಷ್ಟು ಬೂದುಮಾಡುತ್ತದೆ. ನೀಲಿಗೆ ಎದುರಾದ ಬಣ್ಣ ಕಿತ್ತಳೆ. ಆದುದರಿಂದ ಕಿತ್ತಳೆಗೆಂಪು ಲಿಪ್‌ಸ್ಟಿಕ್ಕನ್ನು ಬೆರಳತುದಿಯಲ್ಲಿ ತೆಗೆದುಕೊಂಡು ಗಡ್ಡ ಮೀಸೆಯ ಜಾಗದಲ್ಲಿ ಮಾತ್ರ ತಟ್ಟಿ ಹರಡಿ, ಅದರ ಮೇಲೆ ಪೌಡರ್ ಒತ್ತಿ, ಬಳಿಕ ಚರ್ಮದ ಬಣ್ಣದ ಪೇಂಟ್ ಸ್ಟಿಕ್ಕನ್ನು ಉಜ್ಜದೆ ತಟ್ಟುತ್ತಾ ಹಚ್ಚಿರಿ. ಉಜ್ಜಿದರೆ ಕೆಳಗಿನ ಕಿತ್ತಳೆ ಮೇಲೆದ್ದು ಬರುತ್ತದೆ. ಹುಬ್ಬಿಗೆ ನಾಟಕದವರ ಹಳೆಯ ಉಪಾಯವಿದೆ: ಸೋಪನ್ನು ಸ್ವಲ್ಪವೇ ನೀರಿನಲ್ಲಿ ಒದ್ದೆಮಾಡಿ ಹುಬ್ಬಿನ ಕೂದಲನ್ನು ಚರ್ಮಕ್ಕೆ ಅಂಟುವಂತೆ ಸವರಿ, ಒಣಗಿದ ಮೇಲೆ ಪೌಡರ್ ಒತ್ತಿ, ಬಣ್ಣ ಮುಚ್ಚಿ, ತುಸು ಮೇಲೆ ಹೊಸ ಹುಬ್ಬನ್ನು ಬರೆಯುವುದು. ಬೆವರಿದರೆ ಆ ಸೋಪು ಕಣ್ಣಿಗೆ ಇಳಿದು ಉರಿಯುವ ಸಂಭವವಿರುವುದರಿಂದ, ದಿನವಿಡೀ ಮನೆಮನೆಗೆ ತಿರುಗುವ ನಿಮಗೆ ಹುಬ್ಬಿನ ಕೆಳಗಿನ ಅಂಚನ್ನಷ್ಟೇ ಮುಚ್ಚುವುದು ಕ್ಷೇಮ. ವಿಗ್ ಹಾಕುವವರು ಮೊದಲು ಸ್ಟಾಕಿಂಗ್ ಟೋಪಿಯಿಂದ ತಮ್ಮ ಕೂದಲನ್ನು ಒಳಗೆ ಸೇರಿಸಿ, ವಿಗ್ಗಿನ ಮುಂದಿನ ಅಂಚು ಕಾಣದಂತೆ ಸೆರಗನ್ನು ತಲೆಗೆ ಹೊದ್ದರೆ ಮುಗಿಯಿತು.

ಪ್ರಶ್ನೆ (ಗೋಣಿಕೊಪ್ಪಲಿನಿಂದ): ನಾಟಕದಲ್ಲಿ ಕುಪ್ಯ (ಕೊಡವರ ಉದ್ದನೆಯ ನಿಲುವಂಗಿ), ಚೇಲೆ (ಸೊಂಟಪಟ್ಟಿ) ತೊಟ್ಟ ಅಜ್ಜನ ಪಾತ್ರ ನನ್ನದು. ಕೂದಲಿಗೆ ಟಾಲ್ಕಂ ಪೌಡರ್ ಹಾಕಬಹುದೇ?

ಉತ್ತರ: ಬೇಡ ಸರ್. ತಲೆಯಾಡಿಸಿದಾಗಲೆಲ್ಲ ಅದು ಕಪ್ಪು ಕುಪ್ಯದ ಹೆಗಲ ಮೇಲೆ ಉದುರುತ್ತದೆ, ಕೂದಲೂ ಬೂದಿ ಹಚ್ಚಿದಂತಾಗುತ್ತದೆ. ಬಿಳಿ ಪ್ಯಾನ್‌ಕೇಕಿಗೆ ಚೂರು ಹಳದಿ ಬೆರೆಸಿ, ಹಳೆಯ ಟೂತ್‌ಬ್ರಷ್ಷಿನಿಂದ ಕೆನ್ನೆಗೂದಲು, ಮೀಸೆ, ಹುಬ್ಬುಗಳ ಎಳೆಗಳ ಮೇಲೆ ಮಾತ್ರ ಎಳೆಯಿರಿ. ತಲೆಯ ಮೇಲ್ಭಾಗವನ್ನು ಮಂಡೆತುಣಿ (ಕೊಡವರ ಪೇಟ) ಮುಚ್ಚುವುದರಿಂದ ಅಲ್ಲಿ ಶ್ರಮಪಡಬೇಕಾಗಿಲ್ಲ. ಬಣ್ಣ ಒಣಗಿದ ನಂತರವೇ ಕುಪ್ಯ ತೊಟ್ಟುಕೊಳ್ಳಿ.

ಪ್ರಶ್ನೆ (ಸಂಪಾಜೆಯ ತಂದೆಯೊಬ್ಬರಿಂದ): ಮೇಡಂ, ಆರು ವರ್ಷದ ಮಗನಿಗೆ ಮಕ್ಕಳ ದಸರಾದ ಛದ್ಮವೇಷಕ್ಕೆ ಮಹಿಷಾಸುರನ ವೇಷ ಹಾಕಿಸಬೇಕೆಂದಿದ್ದೇವೆ. ಮನೆಯಲ್ಲಿರುವ ಪೋಸ್ಟರ್ ಕಲರ್ ಆಗುತ್ತದೆಯೇ? ಯಕ್ಷಗಾನದವರ ಇಂಗಳಿಕ, ಹರಿದಾಳ ಸಿಕ್ಕರೆ ಬಳಸಬಹುದೇ? ಮೀಸೆಯನ್ನು ಸ್ಪಿರಿಟ್ ಗಮ್ ಹಾಕಿ ಅಂಟಿಸಬಹುದೇ?

ಉತ್ತರ: ಮೂರಕ್ಕೂ ನನ್ನ ಉತ್ತರ ಬೇಡವೆಂದೇ. ಪೋಸ್ಟರ್ ಕಲರ್ ಕಾಗದಕ್ಕೆಂದು ತಯಾರಾದುದು, ಚರ್ಮಕ್ಕಲ್ಲ. ಇಂಗಳಿಕವು ಪಾದರಸದ ಸಂಯುಕ್ತ, ಹರಿದಾಳವು ಆರ್ಸೆನಿಕ್‌ನ ಸಂಯುಕ್ತ. ಬಣ್ಣದ ವೇಷದ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೂ ಆಗಾಗ ಕೈಯನ್ನು ಬಾಯಿಗಿಡುವ ಮಗುವಿನ ಮುಖಕ್ಕೆ ಅವು ಸಲ್ಲವು. ಮಕ್ಕಳ ಚರ್ಮಕ್ಕೆಂದು ಲೇಬಲ್ಲಿನಲ್ಲಿ ಬರೆದಿರುವ, ನೀರಿನಲ್ಲಿ ತೊಳೆದುಹೋಗುವ ಫೇಸ್ ಪೇಂಟ್ ಕೊಂಡು, ಎರಡು ದಿನ ಮೊದಲೇ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿರಿ. ತುರಿಕೆಯೋ ಕೆಂಪೋ ಕಂಡರೆ ಆ ಬಣ್ಣವನ್ನು ಬಿಟ್ಟುಬಿಡಿ. ಇಡೀ ಮುಖಕ್ಕೆ ಬಳಿಯುವ ಅಗತ್ಯವೂ ಇಲ್ಲ. ಹುಬ್ಬಿನಿಂದ ಹಣೆಯತ್ತ ಏರುವ ಎರಡು ಕೆಂಪು ಪಟ್ಟೆ, ಕಣ್ಣಿನಿಂದ ದೂರವಿರುವ ಕಪ್ಪು ಗೆರೆ, ಕೆನ್ನೆಯವರೆಗೆ ತಿರುವಿದ ಮೀಸೆ, ಇಷ್ಟರಲ್ಲೇ ಅಸುರ ಕಾಣಿಸಿಕೊಳ್ಳುತ್ತಾನೆ. ಮೀಸೆಯನ್ನು ದಪ್ಪ ಪಟ್ಟಿಯಾಗಿ ತುಂಬದೆ, ಕೂದಲಿನಂತೆ ಸಣ್ಣ ಸಣ್ಣ ಗೆರೆಗಳಲ್ಲಿ ಬರೆಯಿರಿ.

ಸ್ಪಿರಿಟ್ ಗಮ್ ಎಂದರೆ ಆಲ್ಕೋಹಾಲಿನಲ್ಲಿ ಕರಗಿಸಿದ ಮರದ ರಾಳ. ದೊಡ್ಡವರು ಕೂಡ ಅದನ್ನು ಹಚ್ಚಿ, ಅಂಟು ಬರುವವರೆಗೆ ಕಾದು, ದೀಪ ಮತ್ತು ಬೆಂಕಿಯಿಂದ ದೂರವಿದ್ದು ಬಳಸಬೇಕು. ಕಣ್ಣಿನ ಸುತ್ತ ಮಿನುಗುಪುಡಿ ಹಾಕಬೇಡಿ. ಕೋಡು, ಕಿರೀಟಗಳ ಒಳಗೆ ಹಣೆಗೆ ಮೆತ್ತನೆಯ ಹತ್ತಿಬಟ್ಟೆಯ ಪಟ್ಟಿ ಕಟ್ಟದಿದ್ದರೆ ಮಗು ವೇದಿಕೆಗೆ ಹೋಗುವ ಮೊದಲೇ ಅದನ್ನು ಕಿತ್ತೆಸೆಯುತ್ತದೆ. ಬಣ್ಣ ಹಚ್ಚುವ ಮುನ್ನವೇ ಮುಂಭಾಗದಲ್ಲಿ ಗುಂಡಿಯಿರುವ ಅಂಗಿ ಹಾಕಿಸಿ, ತಲೆಯ ಮೇಲಿಂದ ತೆಗೆಯುವ ಬಟ್ಟೆ ಬೇಡ. ವೇಷ ಕಳಚಿದ ಕೂಡಲೇ ಬಣ್ಣ ತೆಗೆಯಬೇಕು, ಮನೆಗೆ ಹೋಗಿ ತೊಳೆದರಾಯಿತೆಂದು ಬಿಡಬಾರದು. ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಮೆಲ್ಲಗೆ ಒರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮಗುವಿನ ಸೋಪಿನಿಂದ ತೊಳೆಯಿರಿ. ರೆಪ್ಪೆಯ ಬಳಿ ಉಳಿದ ಗೆರೆಯನ್ನು ಅಂದೇ ತೆಗೆಯಬೇಕೆಂದು ಉಜ್ಜಬೇಡಿ, ಮರುದಿನದ ಸ್ನಾನಕ್ಕೆ ಅದು ತಾನಾಗಿಯೇ ಹೋಗುತ್ತದೆ.