ಸಹಾಯ ಬೇಕು: ಹಾಯಿದೋಣಿಯ ಇಂಜಿನ್ ಕೆಳಗೆ ನಿಲ್ಲುವ ಬಿಲ್ಜ್ (ದೋಣಿಯ ತಳದ) ನೀರು

ಎಷ್ಟು ಪಂಪ್ ಮಾಡಿದರೂ ಇಂಜಿನ್ ಕೆಳಗಿನ ತಗ್ಗಿನಲ್ಲಿ ಸುಮಾರು 3 ಲೀಟರ್ ಉಳಿಯುತ್ತದೆ. 25 ಮಿ.ಮೀ. ಹೋಸ್ ಮೀಟರಿಗೆ ಅರ್ಧ ಲೀಟರ್ ಹಿಡಿಯುತ್ತದೆ. ಪಂಪ್ ನಿಂತೊಡನೆ 3 ಮೀಟರ್ ಹೋಸ್‌ನಿಂದ ಒಂದೂವರೆ ಲೀಟರ್ ವಾಪಸ್. ಉಳಿದದ್ದು ಎಲ್ಲಿಂದ? ಕೂಲಂಟ್ ಬಣ್ಣವಿಲ್ಲ, ಒಣಗಿದರೆ ಉಪ್ಪು ಕಟ್ಟುತ್ತದೆ, ಅಂದರೆ ಸಮುದ್ರದ ನೀರೇ. ಸ್ಟಫಿಂಗ್ ಬಾಕ್ಸ್ (ಪ್ರೊಪೆಲ್ಲರ್ ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿ ನೀರು ತಡೆಯುವ ಸೀಲ್) ಶಾಫ್ಟ್ ತಿರುಗುವಾಗ ಮಾತ್ರ ನಿಮಿಷಕ್ಕೆ ಎರಡು-ಮೂರು ಹನಿ ಬಿಡುತ್ತದೆ, ಅದು ಸರಿಯೇ. ನನ್ನ ಅನುಮಾನ ಕೂಲಿಂಗ್ ನೀರಿನ ಪಂಪ್‌ನ ಸೀಲ್ ಮೇಲೆ. ಇಂಜಿನ್ ನಿಲ್ಲಿಸಿ ಸೀಕಾಕ್ (ಸಮುದ್ರದ ನೀರು ಒಳಬರುವ ಕವಾಟ) ಮುಚ್ಚದೆ ಬಿಟ್ಟರೂ ಅದು ಸೋರಬಹುದೇ?

ಚೆಕ್ ವಾಲ್ವ್ (ನೀರು ವಾಪಸ್ ಬರದಂತೆ ತಡೆಯುವ ಕವಾಟ) ಹಾಕಿ ಅನ್ನಬೇಡಿ, ಕಸ ಸಿಕ್ಕಿ ಅಂಟಿಕೊಂಡರೆ ಮುಖ್ಯ ಪಂಪೇ ಕೆಲಸಕ್ಕೆ ಬಾರದು. ಬದಲಿಗೆ 12 ಮಿ.ಮೀ. ಹೋಸ್‌ನ ಪ್ರತ್ಯೇಕ ಡಯಾಫ್ರಂ ಪಂಪ್ (ರಬ್ಬರ್ ಪೊರೆ ಆಡಿಸಿ ನೀರೆತ್ತುವ ಪಂಪ್) ಇಟ್ಟರೆ ವಾಪಸ್ ಬರುವುದು ಲೀಟರಿನ ಮೂರನೇ ಒಂದು ಭಾಗವಷ್ಟೇ. ಇದನ್ನು ಅಳವಡಿಸಿದವರು ಹೇಳಿ: ಸ್ಟ್ರೈನರ್ (ಕಸ ಸೋಸುವ ಜಾಲರಿ) ಎಲ್ಲಿಟ್ಟಿರಿ? ಎಣ್ಣೆ ಹೊರಹೋಗದಂತೆ ಹೀರುವ ಪ್ಯಾಡ್ ಸಾಕಾಯಿತೇ, ಅಥವಾ ಸ್ವಯಂಚಾಲಿತ ಸ್ವಿಚ್ ಬಿಟ್ಟು ಕೈಯಿಂದಲೇ ಚಾಲೂ ಮಾಡುತ್ತೀರಾ?