ಚಾಟಿ ಅವಳ ಕೈಯಲ್ಲಿ, ಕಥೆ ಮಾತ್ರ ಅವನದಾ?

ಶಾಯಿಬೊಟ್ಟು ಕೇಳಿದ್ದು:

ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಚಿತ್ರ ಬಿಡಿಸುವವಳು. ಕಪ್ಪು ಶಾಯಿ, ನಿಬ್ಬು, ದಪ್ಪ ಕಾಗದ, ಅಷ್ಟೇ. ಆರೇಳು ವರ್ಷದಿಂದ ಹೆಚ್ಚುಕಮ್ಮಿ ಒಂದೇ ವಿಷಯ: ಮೇಲುಗೈ ಇರುವ ಹೆಂಗಸು, ಅವಳ ಮುಂದೆ ಮಂಡಿಯೂರಿದ ಗಂಡಸು. ಬೇರೆ ಹೆಸರಲ್ಲಿ ಹಾಕುತ್ತೇನೆ, ನೋಡುವವರಿದ್ದಾರೆ, ಆಗಾಗ ಯಾರಾದರೂ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ನಿಜ ಜೀವನದಲ್ಲೂ ನಾನು ಹಾಗೇ. ನನಗೂ ನನ್ನ ಸಂಗಾತಿಗೂ ನಾಲ್ಕು ವರ್ಷದಿಂದ ಇದೇ ಆಟ, ಇಬ್ಬರಿಗೂ ಇಷ್ಟ. ನಾಚಿಕೆ ಗೀಚಿಕೆ ಎಲ್ಲ ದಾಟಿ ಆಯ್ತು. ಹಾಗಾಗಿ "ಇದು ತಪ್ಪಾ, ಇದು ರೋಗಾನಾ" ಅಂತ ಕೇಳಲು ಬಂದಿಲ್ಲ.

ನನ್ನ ತಲೆನೋವೇ ಬೇರೆ. ಹೋದ ತಿಂಗಳು ಹಳೆಯ ಸ್ಕೆಚ್‌ಬುಕ್ಕುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ನೋಡ್ತಾ ನೋಡ್ತಾ ಒಂದು ವಿಷಯ ಕಣ್ಣಿಗೆ ಬಿತ್ತು, ಆಮೇಲೆ ಅದು ಬಿಟ್ಟು ಬೇರೇನೂ ಕಾಣಲಿಲ್ಲ. ಎಲ್ಲ ಚಿತ್ರದಲ್ಲೂ ನೋಡುವ ಕಣ್ಣು ಕೆಳಗಿದೆ. ಅಂದರೆ ಮಂಡಿಯೂರಿದವನು ಎಲ್ಲಿಂದ ನೋಡುತ್ತಾನೋ ಅಲ್ಲಿಂದ ಬಿಡಿಸಿದ್ದೇನೆ. ಬೂಟು ದೊಡ್ಡದು, ಮೊಣಕಾಲು ದೊಡ್ಡದು, ಮುಖ ಎಲ್ಲೋ ಮೇಲೆ ಚಿಕ್ಕದು, ಮೂಗಿನ ಹೊಳ್ಳೆ ಬೇರೆ ಕಾಣುತ್ತೆ! ನಾನು ಆ ಜಾಗದಲ್ಲಿ ಯಾವತ್ತೂ ಕೂತವಳೇ ಅಲ್ಲ. ನಾನು ನಿಂತಿರುವವಳು. ನಿಂತಲ್ಲಿಂದ ನನಗೆ ಕಾಣುವುದು ಅವನ ನೆತ್ತಿ, ನೆತ್ತಿಯ ಸುಳಿ, ಕತ್ತಿನ ಹಿಂದೆ ಬೆವರಿಗೆ ಅಂಟಿದ ಕೂದಲು. ಅದನ್ನು ಒಂದು ಸಲವೂ ಬಿಡಿಸಿಲ್ಲ. ಆರೇಳು ವರ್ಷ!

ಆಗಿನಿಂದ ತಲೆ ಕೆಟ್ಟಿದೆ. ನಾನು ಕಲಿತಿದ್ದೆಲ್ಲ ಗಂಡಸರು ಬಿಡಿಸಿದ ಚಿತ್ರ ನೋಡಿಯೇ. ಚರ್ಮದ ಬಟ್ಟೆ, ಎತ್ತರದ ಹಿಮ್ಮಡಿ, ತಣ್ಣನೆಯ ಮುಖ, ಎಲ್ಲ ಅವರ ಬಯಕೆ. ಹಾಗಾದರೆ ನನಗೆ ಇಷ್ಟವಾದ ಈ ಮೇಲುಗೈ ನನ್ನದಾ, ಅಥವಾ ಯಾರೋ ಬರೆದಿಟ್ಟ ನಾಟಕದಲ್ಲಿ ನಾನು ಒಳ್ಳೆಯ ನಟಿಯಾ? ಹೆಂಗಸರಿಗೆ ಹೀಗನ್ನಿಸಿದ್ದುಂಟಾ? ಗಂಡಸರೂ ಹೇಳಿ, ಆದರೆ ದಯವಿಟ್ಟು ಇನ್‌ಬಾಕ್ಸಿಗೆ ಬಂದು "ಮೇಡಂ ನಾನು ನಿಮ್ಮ ಗುಲಾಮ" ಅನ್ನಬೇಡಿ. ಅಂಥವು ಹನ್ನೊಂದು ಇವೆ ಆಗಲೇ.

---

ಹಳೇಪುಟ:

ನೆತ್ತಿಯ ಸುಳಿ ಅಂತ ಓದಿ ಒಂದು ನಿಮಿಷ ಸುಮ್ನೆ ಕೂತೆ. ನಿಮ್ಮ ಅನುಮಾನ ಹೊಸದಲ್ಲ ಅನ್ನುವುದಕ್ಕೆ ಒಂದು ಹಳೇ ಕಥೆ ಹೇಳುತ್ತೇನೆ.

ಮಾಸೋಕಿಸಂ, ಅಂದರೆ ನೋವು, ಅಧೀನತೆಯಲ್ಲಿ ಸುಖ ಕಾಣುವುದು, ಆ ಪದ ಲಿಯೋಪೋಲ್ಡ್ ಫಾನ್ ಸಾಕರ್-ಮಾಸೋಕ್ ಅನ್ನುವ ಲೇಖಕನ ಹೆಸರಿನಿಂದ ಬಂತು, ಇದು ಬಹಳ ಜನಕ್ಕೆ ಗೊತ್ತು. ಕ್ರಾಫ್ಟ್-ಎಬಿಂಗ್ ಅನ್ನುವ ಮನೋವೈದ್ಯ 1890ರಲ್ಲಿ ಆ ಹೆಸರು ಅಂಟಿಸಿದ. ಲೇಖಕ ಸತ್ತಿದ್ದು 1895ರಲ್ಲಿ, ಅಂದರೆ ತನ್ನ ಹೆಸರು ಒಂದು ಕಾಯಿಲೆ ಆಗಿದ್ದನ್ನು ಪಾಪ ಬದುಕಿದ್ದಾಗಲೇ ನೋಡಿದ. ಅದಿರಲಿ. 1869ರಲ್ಲಿ ಇವನು ಫ್ಯಾನಿ ಪಿಸ್ಟರ್ ಅನ್ನುವವಳ ಜೊತೆ ಒಂದು ಕರಾರು ಮಾಡಿಕೊಂಡ. ಆರು ತಿಂಗಳು ಅವಳ ಗುಲಾಮನಾಗಿರುತ್ತೇನೆ, ಏನು ಹೇಳಿದರೂ ಮಾಡುತ್ತೇನೆ. ಸರಿ. ಈಗ ಷರತ್ತು ನೋಡಿ. ಅವಳು ಆದಷ್ಟು ಸಲ ತುಪ್ಪಟದ ಕೋಟು ಹಾಕಿಕೊಳ್ಳಬೇಕು, ಅದರಲ್ಲೂ ಕ್ರೂರವಾಗಿ ನಡೆದುಕೊಳ್ಳುವಾಗ. ದಿನಕ್ಕೆ ಆರು ಗಂಟೆ ಅವನ ಕೆಲಸಕ್ಕೆ ಬಿಡಬೇಕು. ಅವನ ಕಾಗದಪತ್ರ ಮುಟ್ಟುವ ಹಾಗಿಲ್ಲ. ಗುಲಾಮನೇ ಒಡತಿಯ ಬಟ್ಟೆ ಗೊತ್ತುಮಾಡಿದ, ಗುಲಾಮನೇ ಬಿಡುವಿನ ಹೊತ್ತನ್ನೂ ಬರೆದುಕೊಂಡ!

ಆಮೇಲೆ ಮದುವೆಯಾದದ್ದು ಆರೋರಾ ರ್‍ಯೂಮೆಲಿನ್ ಅನ್ನುವವಳನ್ನು. ಅವಳು ಅವನ ಕಾದಂಬರಿಯ ನಾಯಕಿಯ ಹೆಸರನ್ನೇ ಇಟ್ಟುಕೊಂಡಳು, ವಾಂಡಾ ಅಂತ. 1906ರಲ್ಲಿ ಆತ್ಮಕಥೆ ಬರೆದಳು. ಅದರಲ್ಲಿ ಅವಳ ಗೋಳೇ ಇದು: ತುಪ್ಪಟ ಹಾಕು, ಚಾಟಿ ಹಿಡಿ, ಬೇರೆ ಗಂಡಸನ್ನು ಹುಡುಕಿಕೋ ಅಂತ ಗಂಡ ಬೆನ್ನು ಬಿದ್ದಿದ್ದ, ಅವಳಿಗೆ ಬೇಡವಾಗಿತ್ತು. ಆಳಬೇಕು ಅನ್ನುವುದನ್ನೂ ಅಪ್ಪಣೆ ಮಾಡಿಸಿಕೊಂಡ ಹೆಂಗಸು ಅವಳು.

ಇನ್ನೂ ಹಿಂದೆ ಹೋದರೂ ಅಷ್ಟೇ. ಕಾಮಸೂತ್ರದಲ್ಲಿ ಹೆಣ್ಣು ಗಂಡಿನ ಪಾತ್ರ ವಹಿಸುವುದಕ್ಕೆ ಪುರುಷಾಯಿತ ಅಂತ ಒಂದು ಅಧ್ಯಾಯವೇ ಇದೆ. ಓಹೋ ಅಂತ ತೆರೆದರೆ ಮೊದಲ ಸಾಲಲ್ಲೇ ಇರುವುದು ಏನು? ಅವನು ದಣಿದಾಗ, ಅವನ ಒಪ್ಪಿಗೆ ಪಡೆದು. ನಾನು ನಕ್ಕುಬಿಟ್ಟೆ.

---

ಮಂಡಿನೋವು:

ಗಂಡಸು, ಕೆಳಗೆ ಕೂರುವವನು, ಗುಲಾಮಗಿರಿಯ ಅರ್ಜಿ ಹಾಕಲು ಬಂದಿಲ್ಲ.

ಹಳೇಪುಟ ಹೇಳಿದ ಕರಾರು ಓದಿ ಬೆವರಿದೆ, ಯಾಕೆಂದರೆ ನಾನೂ ಅದನ್ನೇ ಮಾಡಿದವನು. ಮದುವೆಯಾಗಿ ಮೂರು ವರ್ಷಕ್ಕೆ ಧೈರ್ಯ ಮಾಡಿ ಹೆಂಡತಿಗೆ ಹೇಳಿದೆ. ಅವಳು ಗಾಬರಿಯಾಗಲಿಲ್ಲ, ಬೈಯಲಿಲ್ಲ, "ಆಯ್ತು, ನೋಡೋಣ" ಅಂದಳು. ಆ ಖುಷಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಒಂದು ಪಟ್ಟಿ ಬರೆದು ಕೊಟ್ಟಿದ್ದು. ಎರಡು ಪುಟ. ಏನು ಹಾಕಿಕೊಳ್ಳಬೇಕು, ಯಾವ ಮಾತು ಆಡಬೇಕು, ಯಾವ ಧ್ವನಿಯಲ್ಲಿ ಆಡಬೇಕು, ನಾನು ಹೀಗಂದರೆ ನೀನು ಹಾಗನ್ನಬೇಕು. ಅವಳು ಪಾಪ ಬಾಯಿಪಾಠ ಮಾಡಿದಳು. ಮಧ್ಯೆ ಒಂದು ಸಾಲು ಮರೆತಾಗ ನಾನು ಮಂಡಿಯೂರಿ ಕೂತವನು ಕೆಳಗಿನಿಂದಲೇ ಪಿಸುಗುಟ್ಟಿ ನೆನಪಿಸಿದೆ. ನಾಟಕದಲ್ಲಿ ತೆರೆಯ ಹಿಂದಿನಿಂದ ಮಾತು ಎತ್ತಿಕೊಡುತ್ತಾರಲ್ಲ, ಹಾಗೆ. ಅವಳು ಚಾಟಿ ಕೆಳಗಿಟ್ಟು, "ಇದರಲ್ಲಿ ನಾನು ಎಲ್ಲಿದ್ದೀನಿ?" ಅಂದಳು. ಅವತ್ತಿಗೆ ಆಟ ಮುಗಿಯಿತು. ಎಂಟು ತಿಂಗಳು ಆ ಮಾತೇ ಎತ್ತಲಿಲ್ಲ.

ಇಂಥ ಆಟ ಆಡುವವರ ಕಿಂಕ್ ವಲಯದಲ್ಲಿ ಇದಕ್ಕೆ ಹೆಸರೇ ಇದೆ, ಟಾಪಿಂಗ್ ಫ್ರಮ್ ದ ಬಾಟಮ್ ಅಂತ. ಕೆಳಗೆ ಕೂತು ಮೇಲಿನವರನ್ನು ಕುಣಿಸುವುದು. ನನ್ನ ಮಟ್ಟಿಗೆ ಹೇಳುವುದಾದರೆ ನನಗೆ ಬೇಕಿದ್ದದ್ದು ಅವಳಲ್ಲ, ನನ್ನ ತಲೆಯೊಳಗಿನ ಒಂದು ಚಿತ್ರಕ್ಕೆ ಒಂದು ಮೈ.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ಅವಳೇ ಶುರುಮಾಡಿದಳು. ಹಳೇ ಕಾಟನ್ ನೈಟಿ, ಕಾಲಲ್ಲಿ ಏನೂ ಇಲ್ಲ, ಕೈಯಲ್ಲಿ ಪುಸ್ತಕ. "ಇಲ್ಲಿ ಕೂತ್ಕೋ, ಮಾತಾಡಬೇಡ." ಅಷ್ಟೇ. ಒಂದೂವರೆ ಗಂಟೆ ಅವಳು ಓದಿದಳು, ನಾನು ಕೂತಿದ್ದೆ. ನನ್ನ ಪಟ್ಟಿಯಲ್ಲಿದ್ದ ಒಂದೇ ಒಂದು ವಿಷಯವೂ ನಡೆಯಲಿಲ್ಲ. ಪುಟ ತಿರುಗಿಸುವ ಸದ್ದು ಈಗಲೂ ಕಿವಿಯಲ್ಲಿದೆ. ಇಷ್ಟು ವರ್ಷದಲ್ಲಿ ನಿಜವಾಗಿ ಹಿಡಿತ ಬಿಟ್ಟುಕೊಟ್ಟೆ ಅನ್ನಿಸಿದ್ದು ಅವತ್ತು ಒಂದೇ ದಿನ.

ಮಂಡಿ ಮಾತ್ರ ಎರಡು ದಿನ ನೋಯಿತು. ಹೆಸರು ಅಲ್ಲಿಂದ ಬಂದದ್ದು.

---

ಕೆಂಪುದಾರ:

ನಾನು ಒಪ್ಪುವುದಿಲ್ಲ. ಹೆಂಗಸು, ಹದಿನಾಲ್ಕು ವರ್ಷದಿಂದ ಮೇಲುಗೈಯವಳು.

ಬಯಕೆ ಅನ್ನುವುದು ಯಾರದ್ದು ಪೂರ್ತಿ ಸ್ವಂತದ್ದು, ಹೇಳಿ? ಮುತ್ತು ಕೊಡುವುದನ್ನೂ ನಾವು ಎಲ್ಲೋ ನೋಡಿಯೇ ಕಲಿತದ್ದು. ಗಂಡಸರು ಬಿಡಿಸಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಬೂಟು ಬಿಸಾಕಬೇಕಾ? ನನಗೆ ಬೂಟು ಇಷ್ಟ. ಹಾಕಿದರೆ ಎರಡು ಇಂಚು ಎತ್ತರ ಆಗುತ್ತೇನೆ, ನಡೆದರೆ ಟಕ್ ಟಕ್ ಅನ್ನುತ್ತೆ, ಅವನ ಉಸಿರು ನಿಲ್ಲುತ್ತೆ, ಆ ನಿಂತ ಉಸಿರು ನನಗೆ ಕೇಳಿಸುತ್ತೆ. ಆ ಸುಖ ನನ್ನದೇ, ಬೂಟಿನ ಕನಸು ಮೊದಲು ಯಾರು ಕಂಡರೂ. ಮತ್ತೆ ಇದನ್ನೇ ದೊಡ್ಡ ಹೆಣ್ಣಿನ ಕ್ರಾಂತಿ ಅಂತ ಹೇಳುವವರನ್ನೂ ನಾನು ನಂಬುವುದಿಲ್ಲ. ಮಲಗುವ ಕೋಣೆಯಲ್ಲಿ ಬೂಟು ನೆಕ್ಕಿದವನು ಹೊರಗೆ ಬಂದು ಅದೇ ಹೆಂಗಸಿನ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಒಂದು ಮಾತು ಒಪ್ಪುತ್ತೇನೆ. ಮೇಲಿನವಳಿಗೆ ಎಷ್ಟು ಕೆಲಸ ಅಂತ ಯಾವ ಚಿತ್ರದಲ್ಲೂ ಇಲ್ಲ. ಅವನ ಬೆರಳು ತಣ್ಣಗಾಗಿದೆಯಾ, ಮುಖ ಬಿಳಿಚಿದೆಯಾ, ಆ ನರಳಿಕೆ ಸುಖದ್ದಾ ನಿಜವಾದ ನೋವಿನದಾ, ಇದನ್ನೆಲ್ಲ ನೋಡ್ತಾ ಇರಬೇಕು, ನೋಡುತ್ತಿಲ್ಲ ಅನ್ನುವ ಹಾಗೆ ಮುಖ ಇಟ್ಟುಕೊಂಡು. ಮುಗಿದ ಮೇಲೆ ಅವನು ಹೊದ್ದು ಮಲಗುತ್ತಾನೆ, ತಲೆ ಸವರಬೇಕು, ಆಫ್ಟರ್‌ಕೇರ್ ಅಂತ ಎಲ್ಲರೂ ಬರೆಯುತ್ತಾರೆ. ನನ್ನ ತಲೆ ಸವರುವವರು ಯಾರು? ಮೇಲಿದ್ದವಳಿಗೂ ಆಮೇಲೆ ಒಂಥರಾ ಖಾಲಿ ಖಾಲಿ ಆಗುತ್ತೆ, ಮಾರನೇ ದಿನ ಸುಮ್ಸುಮ್ನೆ ಅಳು ಬರುತ್ತೆ. ಮೊದಲ ಐದು ವರ್ಷ ನನಗೆ ಅದು ಏನು ಅಂತಲೇ ಗೊತ್ತಿರಲಿಲ್ಲ.

---

ಕತ್ತರಿ:

ಕೆಂಪುದಾರ ಬೆರಳು ತಣ್ಣಗಾಗುವುದರ ಬಗ್ಗೆ ಹೇಳಿದರು, ಹೊಸಬರು ಓದುತ್ತಿದ್ದರೆ ಇದನ್ನೂ ಓದಿ, ಆಮೇಲೆ ಕಲೆ ಮಾತಾಡಿ. ಹಗ್ಗ ಕಟ್ಟಿದರೆ ತೊಂದರೆ ಬರುವುದು ರಕ್ತಕ್ಕಿಂತ ಜಾಸ್ತಿ ನರಕ್ಕೆ. ತೋಳಿನ ಹೊರಬದಿಯಲ್ಲಿ ಒಂದು ನರ ಮೂಳೆಗೆ ಒತ್ತಿಕೊಂಡೇ ಹೋಗುತ್ತೆ, ಅಲ್ಲಿ ಹಗ್ಗ ಬಿಗಿದರೆ ಮಣಿಕಟ್ಟು ಮೇಲೆತ್ತಲು ಬರುವುದಿಲ್ಲ, ವಾರಗಟ್ಟಲೆ ಹಾಗೇ ಉಳಿಯಬಹುದು. ಜುಮ್ಮೆಂದರೆ ತಕ್ಷಣ ಬಿಚ್ಚಿ. ಬಿಚ್ಚಲು ಆಗದಿದ್ದರೆ ಕತ್ತರಿಸಿ, ಮೊಂಡು ತುದಿಯ ಕತ್ತರಿ ಕೈಗೆಟಕುವ ಹಾಗಿರಲಿ. ಕುತ್ತಿಗೆ ಒತ್ತುವ ಆಟಕ್ಕೆ ಸುರಕ್ಷಿತ ವಿಧಾನ ಅಂತ ಇಲ್ಲ, ಯಾರು ಏನೇ ಹೇಳಲಿ. ಸೇಫ್ ವರ್ಡ್, ಅಂದರೆ ಆಟ ನಿಲ್ಲಿಸುವ ಮಾತು, ಸುಲಭದ್ದು ಇಟ್ಟುಕೊಳ್ಳಿ. ಹಸಿರು, ಹಳದಿ, ಕೆಂಪು ಸಾಕು, ಬಾಯಿ ಕಟ್ಟಿದ್ದರೆ ಕೈಯಲ್ಲಿ ಒಂದು ಚೆಂಡು, ಬಿಟ್ಟರೆ ಎಲ್ಲ ನಿಲ್ಲಬೇಕು. ಮೇಲಿದ್ದವರೂ ಕೆಂಪು ಅನ್ನಬಹುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇನ್ನೊಂದು. ಹಳೇಪುಟ ಹೇಳಿದ ಆ "ಕಾಯಿಲೆ" ಈಗ ಪಟ್ಟಿಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು, ಅದರಲ್ಲಿ ಒಪ್ಪಿಗೆಯಿಂದ ನಡೆಯುವ ಸ್ಯಾಡೋಮಾಸೋಕಿಸಂ, ಅಂದರೆ ನೋವು ಕೊಡುವ, ಪಡೆಯುವ ಸುಖ, ರೋಗ ಅಲ್ಲ.

---

ಹಳೇಪುಟ:

ಶಾಯಿಬೊಟ್ಟು, ನೀವು ಕಣ್ಣು ಎಲ್ಲಿದೆ ಅಂದಿರಲ್ಲ, ಆಗಿನಿಂದ ಎಲ್ಲ ಚಿತ್ರವನ್ನೂ ಹಾಗೇ ನೋಡುತ್ತಿದ್ದೇನೆ. ಅರಿಸ್ಟಾಟಲ್‌ನ ಬೆನ್ನ ಮೇಲೆ ಫಿಲಿಸ್ ಅನ್ನುವವಳು ಕುದುರೆ ಸವಾರಿ ಮಾಡುವ ಮಧ್ಯಯುಗದ ಕಥೆ ಇದೆ. ಅಲೆಕ್ಸಾಂಡರ್‌ಗೆ ಹೆಣ್ಣಿನ ಸಹವಾಸ ಬೇಡ ಅಂತ ಬುದ್ಧಿ ಹೇಳಿದ ಮುದುಕನನ್ನು ಅವಳು ನಾಲ್ಕು ಕಾಲಲ್ಲಿ ನಡೆಸುತ್ತಾಳೆ. ಜರ್ಮನಿಯ ಚಿತ್ರಕಾರ ಹಾನ್ಸ್ ಬಾಲ್ಡುಂಗ್ 1513ರಲ್ಲಿ ಇದರ ಮರದಚ್ಚು ಮಾಡಿದ. ಅರಿಸ್ಟಾಟಲ್‌ನ ಬಾಯಲ್ಲಿ ಕಡಿವಾಣ, ಮೇಲಿನಿಂದ ಇನ್ನೊಬ್ಬ ಗಂಡಸು ಇಣುಕುತ್ತಿದ್ದಾನೆ. ನೋಡುವ ಕಣ್ಣು ಅವನದು. ಇದೇ ಕಥೆಯ ಕಂಚಿನ ನೀರಿನ ಪಾತ್ರೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ, ಆರುನೂರು ವರ್ಷದಷ್ಟು ಹಳೆಯದು, ಕೈ ತೊಳೆಯುವುದಕ್ಕೆ. ಅವಳ ಒಂದು ಕೈ ಅವನ ಜುಟ್ಟಿನಲ್ಲಿ, ಇನ್ನೊಂದು ಅವನ ಹಿಂಭಾಗದ ಮೇಲೆ. ಎಚ್ಚರಿಕೆಯ ಪಾಠ ಅಂತ ಮಾಡಿದ್ದು. ಕೈ ತೊಳೆದವರು ಪಾಠ ಕಲಿತರೋ ಮಜಾ ತಗೊಂಡರೋ, ನೀವೇ ಊಹಿಸಿ.

ಜಪಾನಿನ ಚಿತ್ರಕಾರ ನಮಿಯೋ ಹರುಕಾವಾ 2020ರಲ್ಲಿ ತೀರಿಕೊಂಡ. ಪೆನ್ಸಿಲ್ಲಿನಲ್ಲಿ ಬಿಡಿಸಿದ ಅವನ ದೊಡ್ಡ ದೊಡ್ಡ ಹೆಂಗಸರು ಗಂಡಸಿನ ಮೇಲೆ ಕೂತು ಸಿಗರೇಟು ಸೇದುತ್ತಾರೆ, ಎತ್ತಲೋ ನೋಡುತ್ತಾರೆ. ಗಂಡಸಿನ ಮುಖವೇ ಕಾಣುವುದಿಲ್ಲ. ಗಂಡಸು ಬಿಡಿಸಿದ್ದೇ, ಆದರೂ ಆ ಹೆಂಗಸರ ಉದಾಸೀನ ನನಗೆ ನಿಜ ಅನ್ನಿಸುತ್ತೆ, ಮಂಡಿನೋವು ಅವರ ಹೆಂಡತಿ ಪುಸ್ತಕ ಓದಿದ ಹಾಗೆ.

ಹೆಂಗಸರೂ ಇದ್ದರು, ಹೆಸರು ಹಿಂದೆ ಬಿತ್ತು ಅಷ್ಟೇ. ಅಮೆರಿಕದ ರೂಪದರ್ಶಿ ಬೆಟ್ಟಿ ಪೇಜ್‌ಳ ಹಗ್ಗದ ಫೋಟೋಗಳು ಅರ್ವಿಂಗ್ ಕ್ಲಾ ಅನ್ನುವ ಫೋಟೋ ವ್ಯಾಪಾರಿಯ ಹೆಸರಲ್ಲಿ ಮಾರಾಟವಾದವು. ಕಟ್ಟುತ್ತಿದ್ದವಳು, ಕ್ಯಾಮೆರಾ ಹಿಡಿಯುತ್ತಿದ್ದವಳು ಬಹಳ ಸಲ ಅವನ ತಂಗಿ ಪೌಲಾ. ಕಾನೂನಿನ ಭಯಕ್ಕೆ ಅಣ್ಣ ನೆಗೆಟಿವ್ ಸುಟ್ಟಾಗ ಒಂದಷ್ಟನ್ನು ಗುಟ್ಟಾಗಿ ಉಳಿಸಿದವಳೂ ಅವಳೇ. ಲಿಯೊನೋರ್ ಫಿನಿ ಅನ್ನುವ ಚಿತ್ರಕಲಾವಿದೆಯ ಚಿತ್ರಗಳನ್ನು ಹುಡುಕಿ ನೋಡಿ. ಬೆತ್ತಲೆ ಗಂಡಸು ನಿದ್ದೆ ಮಾಡುತ್ತಿರುತ್ತಾನೆ, ಪಕ್ಕದಲ್ಲಿ ಒಬ್ಬಳು ಕಾಯುತ್ತಾ ಕೂತಿರುತ್ತಾಳೆ. ಚಾಟಿ ಗೀಟಿ ಏನೂ ಇಲ್ಲ.

---

ಶಾಯಿಬೊಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಕೆಂಪುದಾರ, ನೀವು ಬೈದದ್ದು ಬೇಕಿತ್ತು. ಬೂಟು ಬಿಸಾಕುವುದಿಲ್ಲ. ಮಾರನೇ ದಿನದ ಅಳುವಿನ ಬಗ್ಗೆ ಬೇರೆ ಎಳೆ ಶುರುಮಾಡಿ, ನಾನೂ ಬರೆಯುವುದಿದೆ.

ಮಂಡಿನೋವು, ನಿಮ್ಮ ಹೆಂಡತಿ ಕೇಳಿದ ಪ್ರಶ್ನೆಯನ್ನು ನಾನು ನನ್ನವನಿಗೆ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ನಾನೂ ಪಟ್ಟಿ ಕೊಟ್ಟಿದ್ದೆ ಅಲ್ವಾ, ಬಾಯಲ್ಲಿ ಹೇಳಿದ್ದೆ ಅಷ್ಟೇ" ಅಂದ. ಕೊಟ್ಟಿದ್ದ. ನಾನು ಮರೆತೇಬಿಟ್ಟಿದ್ದೆ.

ನಿನ್ನೆ ರಾತ್ರಿ ಅವನನ್ನು ಮಂಡಿಯೂರಿಸಿ ಕೂರಿಸಿ, ನಾನು ನಿಂತುಕೊಂಡೇ, ಎಡಗೈ ಮೇಲೆ ಬೋರ್ಡ್ ಇಟ್ಟುಕೊಂಡು ಬಿಡಿಸಲು ನೋಡಿದೆ. ಕಷ್ಟ ಕಣ್ರೀ! ಮೇಲಿನಿಂದ ನೋಡಿದರೆ ಮನುಷ್ಯ ಅಂದರೆ ಒಂದು ತಲೆ, ಎರಡು ಭುಜ, ಅದರಾಚೆ ಏನೂ ಇಲ್ಲ. ಮೊದಲನೆಯದು ಆಲೂಗಡ್ಡೆ ಥರ ಬಂತು. ಎರಡನೆಯದೂ ಕೆಟ್ಟಿತು. ಮೂರನೆಯದಕ್ಕೆ ಶಾಯಿ ಹಚ್ಚುವಾಗ ನಿಬ್ಬಿನಿಂದ ಒಂದು ತೊಟ್ಟು ಜಾರಿ ಸೀದಾ ಅವನ ಕತ್ತಿನ ಮೇಲೆ ಬಿತ್ತು, ಕಾಗದದ ಮೇಲಲ್ಲ, ಅವನ ಮೇಲೇ. ತಣ್ಣಗಿತ್ತು ಅನ್ನಿಸುತ್ತೆ, ಬೆಚ್ಚಿದ, ಆದರೂ ಅಲ್ಲಾಡಲಿಲ್ಲ. ನಾನು ಒರೆಸಲಿಲ್ಲ. ಅದು ಬೆನ್ನ ಮೇಲೆ ನಿಧಾನಕ್ಕೆ ಇಳಿದು ಹೋಗುವುದನ್ನು ನೋಡ್ತಾ ನಿಂತೆ, ಚಿತ್ರ ಅಲ್ಲಿಗೇ ನಿಂತಿತು.